ಅಜ್ಜಿಯ ಕಣ್ಣಿನ ಪೊರೆ, ಮೊಮ್ಮಗಳ ಓದು: ದೇವದುರ್ಗ ತಾಲ್ಲೂಕಿನ ಒಂದು ಸಂಜೆ ಕಲಿಕಾ ಕೇಂದ್ರದ ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಆರಂಭವಾದ ಸಂಜೆ ಕಲಿಕಾ ಕೇಂದ್ರಕ್ಕೆ ಬಂದು, ಎರಡೇ ತಿಂಗಳಲ್ಲಿ ಬಿಟ್ಟು, ಬಹುಕಾಲದ ನಂತರ ಮತ್ತೆ ಬಂದ ಒಬ್ಬ ಹುಡುಗಿಯ ಪ್ರಕರಣವಿದು. ಕೇಂದ್ರದ ಕೆಲಸ ನೋಡಿಕೊಳ್ಳಲು ತಿಂಗಳಿಗೆ ಎರಡು ಸಲ ಆ ಊರಿಗೆ ಹೋಗಿಬರುತ್ತಿದ್ದ ನಾನು, ನನ್ನ ಟಿಪ್ಪಣಿಗಳನ್ನೂ ಕೇಂದ್ರ ನಡೆಸುವಾಕೆಯ ಹಾಜರಿ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಮನೆಯವರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ನಮ್ಮ ದಾಖಲೆಯಲ್ಲಿ ಈ ಪ್ರಕರಣ ಮೊದಲ ವರ್ಷ ‘ಅನಿಯಮಿತ ಹಾಜರಿ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗಿತ್ತು. ಆ ಎರಡು ಪದಗಳ ಹಿಂದೆ ಒಂದು ಇಡೀ ಮನೆಯಿತ್ತೆಂಬುದು ನಮಗೆ ತಡವಾಗಿ ತಿಳಿಯಿತು.

ಊರು ಮತ್ತು ಮನೆ

ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗ ತಾಲ್ಲೂಕಿಗೆ ಬರುತ್ತದೆಯಾದರೂ, ಈ ಊರಿನ ಹೊಲಗಳು ಕಾಲುವೆಯ ಮಟ್ಟಕ್ಕಿಂತ ಮೇಲಿರುವುದರಿಂದ ಇಲ್ಲಿಯವರು ಇಂದಿಗೂ ಮಳೆಯನ್ನೇ ನಂಬಿ ಹತ್ತಿ, ತೊಗರಿ, ಸಜ್ಜೆ ಬೆಳೆಯುತ್ತಾರೆ. ಹುಡುಗಿಯ ಮನೆಗೆ ಎರಡು ಎಕರೆ ಹೊಲವಿದೆ. ಅದರ ಬೆಳೆ ಮನೆಯ ಕಾಳಿಗೆ ಸಾಕು, ಸಾಲಕ್ಕೆ ಸಾಲದು. ಹೀಗಾಗಿ ಅವಳ ಅಪ್ಪ ಪ್ರತಿವರ್ಷ ಮೇಸ್ತ್ರಿಯ ಹತ್ತಿರ ಮುಂಗಡ ಹಿಡಿಯುತ್ತಾನೆ, ಹಿಡಿದ ಮುಂಗಡ ತೀರಿಸಲು ಗಂಡಹೆಂಡತಿ ಇಬ್ಬರೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ದೀಪಾವಳಿ ಮುಗಿಸಿ ಬಸ್ಸು ಹತ್ತಿದವರು ಸಾಮಾನ್ಯವಾಗಿ ಯುಗಾದಿಗೆ ಮರಳುತ್ತಾರೆ. ಬಿತ್ತನೆಯಾದ ಮೇಲೆ ಮತ್ತೆ ಹೋದರೂ, ಈ ಸೀಮೆಯ ದೊಡ್ಡ ಹಬ್ಬವಾದ ಮೊಹರಂಗೆ ಊರಿಗೆ ಬಾರದೆ ಇರುವುದಿಲ್ಲ. ನಮ್ಮ ಕಡೆಯ ಯಾವುದೇ ಕಾರ್ಯಕ್ರಮದ ವೇಳಾಪಟ್ಟಿಯನ್ನು ಶಾಲೆಯ ಕ್ಯಾಲೆಂಡರಿಗಿಂತ ಮೊದಲು ಈ ಹಬ್ಬಗಳ ಲೆಕ್ಕದಲ್ಲಿ ಹಾಕಬೇಕೆಂಬುದು ನನ್ನ ಅಭಿಪ್ರಾಯ.

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 48.73ರಷ್ಟಿತ್ತು. ಹುಡುಗಿಯ ಅಜ್ಜಿಯೂ ತಾಯಿಯೂ ಅಕ್ಷರ ಬಾರದ ಆ ಉಳಿದ ಅರ್ಧದವರು. ಹುಡುಗಿ 2019ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದಳು. ಆ ವರ್ಷ ಮುಗಿಯುವ ಮೊದಲೇ, 2020ರ ಮಾರ್ಚ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದವು. ಆ ಆಗಸ್ಟ್‌ನಿಂದ ಕೆಲ ಕಾಲ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮದ ಅಡಿಯಲ್ಲಿ ಶಿಕ್ಷಕರು ಗುಡಿಯ ಅಂಗಳದಲ್ಲಿ ಕೂರಿಸಿ ಪಾಠ ಮಾಡಿದ್ದನ್ನು ಬಿಟ್ಟರೆ, ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಅವಳು ಮೂರನೇ ತರಗತಿಯಲ್ಲಿದ್ದಳು. ಮೂರು ತಿಂಗಳೂ ಕಳೆಯುವ ಮುನ್ನ, ಸಂಕ್ರಾಂತಿಯ ಮರುವಾರ, ಅಪ್ಪ-ಅವ್ವ ಅವಳನ್ನೂ ತಮ್ಮನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ವರ್ಗಾವಣೆ ಪತ್ರ ತರುವುದು ತಡವಾಯಿತೆಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ತಡೆಯುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಪ್ಪ ಅಲ್ಲಿಯ ಯಾವ ಶಾಲೆಯ ಬಾಗಿಲಿಗೂ ಹೋಗಲಿಲ್ಲ, ಹೋಗಬಹುದೆಂದು ಅವನಿಗೆ ಹೇಳಿದವರೂ ಇರಲಿಲ್ಲ. ಯುಗಾದಿಯವರೆಗೆ ಹುಡುಗಿ ಕಟ್ಟಡದ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಾ ಕಳೆದಳು. ಆ ಮೂರು ತಿಂಗಳು ಊರಿನಲ್ಲಿ ಒಬ್ಬಳೇ ಇದ್ದ ಅಜ್ಜಿ ಒಂದು ಸಂಜೆ ಹೊಸ್ತಿಲು ಎಡವಿ ಬಿದ್ದಳು. ಮುಂದಿನ ವರ್ಷದಿಂದ ಹುಡುಗಿಯನ್ನೂ ತಮ್ಮನನ್ನೂ ಅಜ್ಜಿಯ ಹತ್ತಿರ ಬಿಟ್ಟುಹೋಗುವ ತೀರ್ಮಾನವಾದದ್ದು ಆ ಬೀಳುವಿಕೆಯಿಂದ. ಓದಿನ ಮಾತು ಆ ತೀರ್ಮಾನದಲ್ಲಿ ಬರಲೇ ಇಲ್ಲ.

ನಾವು ತಪ್ಪಿದ್ದೆಲ್ಲಿ

ಕೇಂದ್ರ ನಡೆಸುವಾಕೆ ಅದೇ ಊರಿನ, ಬಿ.ಎ. ಮುಗಿಸಿದ ಯುವತಿ. ಮಕ್ಕಳೆಲ್ಲ ಅವಳನ್ನು ಅಕ್ಕ ಎನ್ನುತ್ತಾರೆ, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಸಂಜೆ ಆರರಿಂದ ಎಂಟರವರೆಗೆ ಸಮುದಾಯ ಭವನದಲ್ಲಿ ಇಪ್ಪತ್ತರಷ್ಟು ಮಕ್ಕಳು ಸೇರುತ್ತಿದ್ದರು. ಜುಲೈನಲ್ಲಿ ಪ್ರತಿ ಮಗುವಿನ ಓದಿನ ಹಂತವನ್ನು ಅಕ್ಷರ, ಪದ, ವಾಕ್ಯ, ಕಥೆ ಎಂದು ಅಕ್ಕ ಗುರುತಿಸಿದಾಗ, ನಾಲ್ಕನೇ ತರಗತಿಯ ಈ ಹುಡುಗಿ ಅಕ್ಷರದ ಹಂತದಲ್ಲಿ ನಿಂತಳು. ಬರುತ್ತಿದ್ದಷ್ಟು ದಿನ ಚುರುಕಾಗಿಯೇ ಇದ್ದಳು. ಆಗಸ್ಟ್‌ನ ಕೊನೆಗೆ ವಾರಕ್ಕೆ ಒಂದೆರಡು ದಿನ, ಸೆಪ್ಟೆಂಬರ್‌ನಲ್ಲಿ ಒಂದು ದಿನವೂ ಇಲ್ಲ.

ನಾವು ಮಾಡಿದ್ದೇನೆಂದರೆ, ಹೆಚ್ಚಿನ ಕಾರ್ಯಕ್ರಮಗಳು ಮಾಡುವುದನ್ನೇ. ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಕರೆದೆವು. ಹೊಲದಲ್ಲಿ ಕಳೆ ತೆಗೆಯುವ ಹೊತ್ತಿನಲ್ಲಿ ಕರೆದ ಆ ಸಭೆಗೆ ಬಂದವರು ನಾಲ್ಕು ಜನ, ಅವರಲ್ಲಿ ಇಬ್ಬರು ಮಕ್ಕಳನ್ನು ಕೇಂದ್ರಕ್ಕೆ ಕಳಿಸದವರು. ನಮ್ಮ ನಮೂನೆಯಲ್ಲಿ ತಂದೆಯ ಹೆಸರಿಗೆ, ತಾಯಿಯ ಹೆಸರಿಗೆ ಸಾಲುಗಳಿದ್ದವು, ಅಜ್ಜಿಗೆ ಸಾಲಿರಲಿಲ್ಲ. ಹುಡುಗಿ ಹಗಲಿನ ಶಾಲೆಗೆ ತಪ್ಪದೆ ಹೋಗುತ್ತಿದ್ದಳೆಂಬುದೂ ನಮ್ಮನ್ನು ದಾರಿ ತಪ್ಪಿಸಿತು. ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ, ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದೂ ಇಲ್ಲಿಯೇ. ಊಟಕ್ಕೂ ತತ್ತಿಗೂ ಶಾಲೆಗೆ ಹೋಗುವ ಮಗು ಸಂಜೆಯ ಕೇಂದ್ರಕ್ಕೆ ಬಾರದಿದ್ದರೆ ಅದು ಆಸಕ್ತಿಯ ಕೊರತೆಯೆಂದು ನಾನೇ ಒಂದು ವರದಿಯಲ್ಲಿ ಬರೆದಿದ್ದೆ. ಆ ವಾಕ್ಯವನ್ನು ಈಗ ಓದಲು ಸಂಕೋಚವಾಗುತ್ತದೆ.

ನವೆಂಬರ್‌ನಲ್ಲಿ, ತಂದೆತಾಯಿ ಗುಳೆ ಹೋದ ಮೇಲೆ, ಒಂದು ಸಂಜೆ ಏಳರ ಹೊತ್ತಿಗೆ ಅಕ್ಕ ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದಳು. ಕರೆಂಟು ಹೋಗಿತ್ತು. ಒಲೆಯ ಬೆಳಕಿನಲ್ಲಿ ಒಂಬತ್ತು ವರ್ಷದ ಹುಡುಗಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ತಮ್ಮ ಅವಳ ಬೆನ್ನಿಗೆ ಒರಗಿ ನಿದ್ದೆ ಹೋಗಿದ್ದ. ಅಜ್ಜಿ ಗೋಡೆ ಸವರಿಕೊಂಡು ಬಾಗಿಲಿಗೆ ಬಂದು, “ಯಪ್ಪಾ, ಸಂಜಿ ಆತಂದ್ರ ನನಗ ಒಲಿ ಯಾವ್ದು, ಗ್ವಾಡಿ ಯಾವ್ದು ತಿಳಿಯಂಗಿಲ್ಲ. ರೊಟ್ಟಿ ಬಡಿಯಾಕಿ ಈಕಿನ” ಎಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುದುಕಿಗೆ ಕಣ್ಣು ಮಂಜೆಂಬುದು ಊರಿಗೆಲ್ಲ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅದಕ್ಕೂ ಕೇಂದ್ರದ ಹಾಜರಿ ಪುಸ್ತಕಕ್ಕೂ ಸಂಬಂಧವಿದೆಯೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಓದಿನ ಒಳಗೆ

ಸಮಯ ಬದಲಿಸಿದರೆ ಸಾಕೆಂದು ಮೊದಲು ತಿಳಿದೆವು. ಬೆಳಿಗ್ಗೆ ಆರೂವರೆಗೆ ಬಾ ಎಂದರೆ ಅದು ನಲ್ಲಿಯಲ್ಲಿ ನೀರು ಬಿಡುವ ಹೊತ್ತು. ಕೊನೆಗೆ ಅಕ್ಕ ತನ್ನ ಮನೆಯ ಕಟ್ಟೆಯ ಮೇಲೆ, ರೊಟ್ಟಿ ಮುಗಿದ ಮೇಲೆ, ರಾತ್ರಿ ಎಂಟರಿಂದ ಒಂಬತ್ತರವರೆಗೆ ಇಂಥದೇ ಸ್ಥಿತಿಯ ಮೂವರು ಹುಡುಗಿಯರನ್ನು ಕೂರಿಸಿಕೊಂಡಳು. ಆರು ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲವೆಂಬ ನಮ್ಮ ನಿಯಮವನ್ನು ಮುರಿದು ತಮ್ಮನೂ ಬರತೊಡಗಿದ. ಅವನು ಓದಿಗಿಂತ ಹೆಚ್ಚಾಗಿ ಸುಣ್ಣದ ಕಡ್ಡಿ ತಿಂದ. ನಿದ್ದೆಗಣ್ಣಿನ ಒಂದು ಗಂಟೆ ಎರಡು ಗಂಟೆಯ ಜಾಗ ತುಂಬಲಾರದು. ಆದರೂ ಆ ಚಳಿಗಾಲದಲ್ಲಿ ಹುಡುಗಿಯ ಓದಿನ ತೊಡಕು ಎಲ್ಲಿದೆಯೆಂದು ಹತ್ತಿರದಿಂದ ನೋಡಲು ಸಾಧ್ಯವಾಯಿತು.

ಕನ್ನಡ ಕಲಿಯುವ ಮಗುವಿಗೆ ‘ಅಕ್ಷರ ಬರುತ್ತದೆ’ ಎಂಬ ಮಾತಿನಲ್ಲಿ ದೊಡ್ಡ ಮೋಸವಿದೆ. ವರ್ಣಮಾಲೆಯನ್ನು ಅವಳು ಪದ್ಯದಂತೆ ಒಪ್ಪಿಸುತ್ತಿದ್ದಳು, ‘ಸರ’, ‘ಮರ’, ‘ಬಸವ’ ಓದುತ್ತಿದ್ದಳು. ಗುಣಿತಕ್ಕೆ ಬಂದರೆ ಕೊಂಬು ಯಾವುದು, ಏತ್ವ ಯಾವುದು ಎಂದು ತಡವರಿಸುತ್ತಿದ್ದಳು. ಒತ್ತಕ್ಷರ ಕಂಡರೆ ನಿಂತೇಬಿಡುತ್ತಿದ್ದಳು. ಒಂದರಿಂದ ಮೂರನೇ ತರಗತಿಯವರೆಗೆ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ಕಾರ್ಡುಗಳಲ್ಲಿ ಹಂತಹಂತವಾಗಿ ಕೂಡಿಬರಬೇಕಾದ ಈ ಭಾಗವೇ ಅವಳ ಪಾಲಿಗೆ ಕೊರೊನಾ ಮತ್ತು ಗುಳೆಯಲ್ಲಿ ಕಳೆದುಹೋಗಿತ್ತು. 2022–23ರಲ್ಲಿ ರಾಜ್ಯದಾದ್ಯಂತ ನಡೆದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಇಂಥ ಮಕ್ಕಳಿಗಾಗಿಯೇ ರೂಪಿಸಿದ್ದು, ಶಾಲೆಯ ಶಿಕ್ಷಕರು ಅದರ ಹಾಳೆಗಳನ್ನು ಶ್ರದ್ಧೆಯಿಂದ ಮಾಡಿಸುತ್ತಿದ್ದರು. ಆದರೆ ಮನೆಯಲ್ಲಿ ಆ ಹಾಳೆ ತೆರೆಯುವ ಹೊತ್ತಿನಲ್ಲಿ ಅವಳ ಕೈ ಹಿಟ್ಟಿನಲ್ಲಿರುತ್ತಿತ್ತು.

ಸಾಮಾನ್ಯವಾಗಿ ಗುಣಿತವೆಲ್ಲ ಮುಗಿದ ಮೇಲೆ ಒತ್ತಕ್ಷರ ಹೇಳಿಕೊಡುವ ಕ್ರಮವನ್ನು ಅಕ್ಕ ತಿರುವಿಹಾಕಿದಳು. ಮನೆಯಲ್ಲಿರುವ ವಸ್ತುಗಳ, ಮಂದಿಯ ಹೆಸರು ಹೇಳು ಎಂದಾಗ ಹುಡುಗಿಯ ಬಾಯಲ್ಲಿ ಬಂದದ್ದು ಅವ್ವ, ಅಪ್ಪ, ಅಜ್ಜಿ, ರೊಟ್ಟಿ, ಬುತ್ತಿ, ಹತ್ತಿ, ಕಟ್ಟಿಗೆ. ಎಲ್ಲವೂ ಸಜಾತೀಯ ಒತ್ತಕ್ಷರದ ಪದಗಳೇ. ದಿನವೂ ನೂರು ಸಲ ನುಡಿಯುವ ಪದಗಳು ಬರವಣಿಗೆಯಲ್ಲಿ ಹೀಗೆ ಒಂದರ ಕೆಳಗೊಂದು ಅಕ್ಷರ ಹೊತ್ತುಕೊಂಡಿರುತ್ತವೆಂದು ಕಂಡದ್ದೇ ಅವಳ ಅಂಜಿಕೆ ಅರ್ಧ ಇಳಿಯಿತು. ‘ಪುಸ್ತಕ’, ‘ಚಂದ್ರ’ದಂಥ ವಿಜಾತೀಯ ಒತ್ತುಗಳಿಗೆ ಇನ್ನೂ ಮೂರು ತಿಂಗಳು ಹಿಡಿಯಿತು.

ಮತ್ತೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಪುಸ್ತಕದಲ್ಲಿ ‘ಮನೆ’, ‘ಶಾಲೆ’, ‘ಒಲೆ’ ಎಂದಿರುವುದನ್ನು ಅವಳು ‘ಮನಿ’, ‘ಶಾಲಿ’, ‘ಒಲಿ’ ಎಂದು ಓದುತ್ತಿದ್ದಳು. ನಮ್ಮ ಮೌಲ್ಯಮಾಪನದ ಹಾಳೆಯಲ್ಲಿ ಅದಕ್ಕೆ ತಪ್ಪೆಂದು ಗುರುತು ಹಾಕಿದ್ದರು. ಅಕ್ಕ ಆ ಗುರುತುಗಳನ್ನು ಹೊಡೆದುಹಾಕಿದಳು. ‘ಮನೆ’ಯನ್ನು ‘ಮನಿ’ ಎಂದು ಓದುವ ಮಗು ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿಲ್ಲ, ಪದವನ್ನು ಗುರುತಿಸಿ ತನ್ನ ಮಾತಿನಲ್ಲಿ ನುಡಿಯುತ್ತಿದೆ, ಅಂದರೆ ಅರ್ಥ ಹಿಡಿದಿದೆ. ಬರೆಯುವಾಗ ‘ಮನೆ’ ಎಂದೇ ಬರೆಯಬೇಕೆಂಬುದನ್ನು ಬೇರೆಯಾಗಿ ಹೇಳಿಕೊಟ್ಟರಾಯಿತು. ನಮ್ಮ ಸೀಮೆಯ ಎಷ್ಟು ಮಕ್ಕಳು ಈ ಒಂದು ಕಾರಣಕ್ಕೆ ‘ಓದಲು ಬಾರದವರು’ ಎಂಬ ಪಟ್ಟಿ ಸೇರಿರಬಹುದೆಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇರುವುದು ಎರಡು ಕಿಲೋಮೀಟರ್ ದೂರದ ಪಂಚಾಯಿತಿ ಊರಿನಲ್ಲಿ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾದ್ದರಿಂದ ಅಕ್ಕ ಎಲ್ಲ ಮಕ್ಕಳ ಹೆಸರು ನೋಂದಾಯಿಸಿ, ಹದಿನೈದು ದಿನಕ್ಕೊಮ್ಮೆ ಚೀಲದಲ್ಲಿ ಪುಸ್ತಕ ತರುತ್ತಿದ್ದಳು. ಒಂದು ಭಾನುವಾರ ಬೆಂಗಳೂರಿನಿಂದ ತಾಯಿಯ ಫೋನು ಬಂದಾಗ ಹುಡುಗಿ ತಾನಾಗಿಯೇ ಒಂದು ಚಿತ್ರಪುಸ್ತಕದ ನಾಲ್ಕು ಸಾಲು ಓದಿ ಹೇಳಿದಳು. ಅಕ್ಷರ ಬಾರದ ತಾಯಿ ಆ ಕಡೆಯಿಂದ “ಆಮ್ಯಾಲ ಏನಾತು?” ಎಂದು ಕೇಳಿದಳು. ಮುಂದಿನ ಪುಟ ಓದಲು ಬಾರದ ಹುಡುಗಿ ಮುಂದಿನ ಭಾನುವಾರ ಹೇಳುತ್ತೇನೆಂದಳು. ವಾರವಿಡೀ ಆ ಪುಟಕ್ಕಾಗಿ ಅಕ್ಕನ ಬೆನ್ನು ಬಿದ್ದಳು. ಅಲ್ಲಿಂದ ಭಾನುವಾರದ ಫೋನಿನ ಓದು ನಿಂತಿಲ್ಲ. ಮಗುವಿನ ಓದಿನಲ್ಲಿ ಪಾಲುಗೊಳ್ಳಲು ತಾಯಿ ಓದುಬರಹ ಬಲ್ಲವಳಾಗಿರಬೇಕೆಂದು ನಾವು ತಿಳಿದಿದ್ದೆವು, ಕತೆಯ ಮುಂದಿನ ಭಾಗ ಬೇಕೆಂದು ಕೇಳುವವಳಿದ್ದರೆ ಸಾಕಾಯಿತು.

ಕಣ್ಣು

ಪೊರೆಯ ಶಸ್ತ್ರಚಿಕಿತ್ಸೆಗೆ ದುಡ್ಡು ಅಡ್ಡಿಯಾಗಿರಲಿಲ್ಲ. 1976ರಿಂದ ನಡೆದುಬಂದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ, ಒಳಗೆ ಕೂರಿಸುವ ಮಸೂರಕ್ಕೂ ಹಣವಿಲ್ಲ. ಅಡ್ಡಿಯಾಗಿದ್ದುದು ಅಂಜಿಕೆ. ಹಿಂದೆ ಯಾರಿಗೋ ಕಣ್ಣು ಕೊಯ್ದ ಮೇಲೆ ಇದ್ದ ದೃಷ್ಟಿಯೂ ಹೋಯಿತೆಂಬ ಮಾತು ಊರಿನಲ್ಲಿತ್ತು. ಜೊತೆಗೆ ಹೋಗುವವರು ಯಾರು, ಎರಡು ದಿನ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಮರುತಪಾಸಣೆಗೆ ಮತ್ತೆಮತ್ತೆ ಬಸ್ಸಿನ ಖರ್ಚು ಯಾರದು ಎಂಬ ಪ್ರಶ್ನೆಗಳೂ ಇದ್ದವು. ಆಶಾ ಕಾರ್ಯಕರ್ತೆ ಆ ಚಳಿಗಾಲದಲ್ಲಿ ಮೂರು ಸಲ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬೇಸಿಗೆಯಲ್ಲಿ ಪಕ್ಕದ ಓಣಿಯ ಒಬ್ಬಾಕೆ ಮಾಡಿಸಿಕೊಂಡು ಬಂದು, ಅಜ್ಜಿಯ ಸೀರೆಯ ಬಣ್ಣವನ್ನು ದೂರದಿಂದಲೇ ಹೇಳಿದಳು. ನಮ್ಮ ಎಲ್ಲ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಉಚಿತವಾದದ್ದರಿಂದ ಜೊತೆಗೆ ಬರಲು ನೆರೆಮನೆಯವಳಿಗೂ ಅಡ್ಡಿಯಿಲ್ಲವಾಯಿತು. ಮೊಹರಂಗೆ ಊರಿಗೆ ಬಂದ ಸೊಸೆ ಎರಡು ವಾರ ನಿಲ್ಲುವುದಾಗಿ ಹೇಳಿದ ಮೇಲೆ, ಆಗಸ್ಟ್‌ನ ಮೊದಲ ವಾರ ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಲಾಯಿತು.

ಇಲ್ಲಿ ನಾವು ಯೋಚಿಸದಿದ್ದ ಒಂದು ಸಂಗತಿ ಎದುರಾಯಿತು. ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ಕಣ್ಣಿಗೆ ಹೊಗೆ, ಧೂಳು, ನೀರು ತಾಗಬಾರದು. ಕಟ್ಟಿಗೆ ಒಲೆಯ ಮುಂದೆ ಕೂರುವ ಹಾಗಿಲ್ಲ. ಸೊಸೆ ಬೆಂಗಳೂರಿಗೆ ಮರಳಿದ ದಿನದಿಂದ, ಹುಡುಗಿಯ ಹೊರೆ ಇಳಿಸಬೇಕಾಗಿದ್ದ ಚಿಕಿತ್ಸೆಯೇ ಆ ಹೊರೆಯನ್ನು ಎರಡರಷ್ಟು ಮಾಡಿತು. ಅಡುಗೆ ಪೂರ್ತಿ ಅವಳದೇ, ಜೊತೆಗೆ ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕುವುದೂ ಅವಳದೇ. ಕಟ್ಟೆಯ ಓದಿಗೂ ಅವಳು ಬಾರದಾದಳು.

ದಾರಿ ತೋರಿಸಿದ್ದು ಅಜ್ಜಿಯೇ. ನಮ್ಮ ಕಡೆಯ ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮನೆಯ ಜೋಳ ಬೀಸಿಸಿ ನೆರೆಮನೆಯವಳಿಗೆ ಕೊಟ್ಟರೆ, ಅವಳು ತನ್ನ ಮನೆಯ ರೊಟ್ಟಿಯ ಜೊತೆಗೇ ಇವರದನ್ನೂ ಬಡಿದು ಒಣಗಿಸಿ ಬುಟ್ಟಿ ತುಂಬಿಕೊಡುವುದು, ಅದಕ್ಕೆ ಮುಯ್ಯಿಯಾಗಿ ಅವಳು ಹತ್ತಿ ಬಿಡಿಸಲು ಹೋಗುವ ತಿಂಗಳುಗಳಲ್ಲಿ ಅವಳ ಕೂಸನ್ನು ಅಜ್ಜಿ ನೋಡಿಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡರು. ಹೊಲದ ಕೆಲಸದಲ್ಲಿ ಆಳಿಗೆ ಆಳು ಮುಯ್ಯಿ ಕೊಡುವುದು ಇಲ್ಲಿಯ ರೂಢಿ, ಅದನ್ನು ಒಲೆಗೂ ತಂದರು. ನಮ್ಮ ಕಾರ್ಯಕ್ರಮದಿಂದ ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಇದನ್ನು ಬರೆಯಲು ನಮ್ಮ ಮಾಸಿಕ ವರದಿಯಲ್ಲಿ ಜಾಗವೂ ಇರಲಿಲ್ಲ. ಔಷಧದ ಚೀಟಿಯನ್ನು ಅಕ್ಕ ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದಳು. ಯಾವ ಹನಿ, ಯಾವ ಹೊತ್ತಿಗೆ, ಎಷ್ಟು ಸಲ ಎಂಬುದನ್ನು ಓದಿ, ಹಾಕಿದ ಮೇಲೆ ಗೆರೆ ಎಳೆಯುವುದು ಹುಡುಗಿಯ ಕೆಲಸ. ಹುಡುಗಿಯ ಓದನ್ನು ಮನೆಯವರು ಮೊದಲ ಸಲ ಬಳಸಿಕೊಂಡದ್ದು ಆ ಗೋಡೆಯ ಮುಂದೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಜ್ಜಿ ಮತ್ತೆ ಒಲೆಯ ಮುಂದೆ ಕೂತಳು, ಹುಡುಗಿ ಆರು ಗಂಟೆಗೆ ಕೇಂದ್ರಕ್ಕೆ ಬಂದಳು.

ಬರದ ವರ್ಷ

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ವರ್ಷ ಊರಿನಿಂದ ಗುಳೆ ಹೋದವರು ಹೆಚ್ಚು, ಮುಂಗಡವೂ ದೊಡ್ಡದು. ದೀಪಾವಳಿಗೆ ಬಂದ ಅಪ್ಪ, ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆಂದ. ಅವನ ಲೆಕ್ಕ ಸರಳವಾಗಿತ್ತು: ಅವ್ವನಿಗೆ ಕಣ್ಣು ಕಾಣುವುದಿಲ್ಲವೆಂದು ಮಗಳನ್ನು ಬಿಟ್ಟಿದ್ದೆ, ಈಗ ಕಾಣುತ್ತದೆ, ಶೆಡ್ಡಿನಲ್ಲಿ ಅಡುಗೆಗೆ ಒಬ್ಬರು ಬೇಕು. ಹುಡುಗಿಯನ್ನು ಊರಿನಲ್ಲಿ ಹಿಡಿದಿಟ್ಟಿದ್ದ ಒಂದೇ ಕಾರಣವನ್ನು ನಾವೇ ಮುಂದೆ ನಿಂತು ತೆಗೆದುಹಾಕಿದ್ದೆವೆಂಬುದು ಆ ಕ್ಷಣದಲ್ಲಿ ನನಗೆ ಅರಿವಾಯಿತು.

ಗುಳೆ ಹೋಗುವವರ ಮಕ್ಕಳಿಗಾಗಿ ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಋತುಮಾನ ವಸತಿ ಕೇಂದ್ರದ ಏರ್ಪಾಡಿದೆಯಲ್ಲ ಎಂದು ನಾನು ಹೇಳಿನೋಡಿದೆ. ಹುಡುಗಿಯನ್ನು ಬೇರೆ ಊರಿನಲ್ಲಿ ಮಲಗಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಅಜ್ಜಿ ಒಬ್ಬಳೇ ಆಗುತ್ತಾಳೆಂಬುದೂ ನಿಜ. ಮಾತು ಮುರಿದುಬೀಳುವ ಹೊತ್ತಿಗೆ ಅಜ್ಜಿ ಮಗನಿಗೆ, “ಕಣ್ಣು ಬಂದಾವಂತ ಹುಡುಗಿನ್ನ ಒಯ್ಯಾಕ ಬಂದಿ ಏನು? ಅಕಿ ಓದಿ ಹನಿ ಹಾಕಿದ್ದಕ್ಕ ಬಂದಾವು. ಅಕಿ ಇಲ್ಲೇ ಇರತಾಳ” ಎಂದಳು. ಎರಡು ದಿನದ ನಂತರ ರಾಜಿಯಾಯಿತು. ಹುಡುಗಿ ಉಳಿದಳು, ಐದು ವರ್ಷದ ತಮ್ಮ ತಂದೆತಾಯಿಯ ಜೊತೆ ಹೋದ. ಅಂಗನವಾಡಿಯಲ್ಲಿ ಅವನ ಕೊನೆಯ ವರ್ಷ ಅಷ್ಟಕ್ಕೇ ನಿಂತಿತು. 2024ರ ಯುಗಾದಿಗೆ ಮರಳಿ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದಾಗ, ಅವನು ಅಂಗನವಾಡಿಯಲ್ಲಿ ಕಲಿತ ಹಾಡುಗಳನ್ನು ಮರೆತಿದ್ದ. ಈ ಪ್ರಕರಣವನ್ನು ಯಶಸ್ಸಿನ ಕತೆಯೆಂದು ನಮ್ಮ ಸಭೆಗಳಲ್ಲಿ ಹೇಳುವಾಗಲೆಲ್ಲ ತಮ್ಮನ ಭಾಗ ಬಿಟ್ಟುಹೋಗುತ್ತದೆ. ಅದನ್ನು ಸೇರಿಸಿ ಹೇಳಬೇಕೆಂದು ನಾನು ಹಟ ಹಿಡಿದಿದ್ದೇನೆ.

ಕೇಂದ್ರದಲ್ಲಿ ಆದ ಬದಲಾವಣೆ ಸಣ್ಣದು. ಹೊಸ ಮಗು ಸೇರಿದರೆ ಮೊದಲ ವಾರದಲ್ಲೇ ಅಕ್ಕ ಸಂಜೆ ಏಳಕ್ಕೆ ಆ ಮನೆಗೆ ಹೋಗಿಬರುತ್ತಾಳೆ. ಪೋಷಕರ ಸಭೆ ರಾತ್ರಿ ಊಟವಾದ ಮೇಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಡೆಯುತ್ತದೆ, ಅಜ್ಜಅಜ್ಜಿಯರೇ ಹೆಚ್ಚು ಬರುತ್ತಾರೆ. ನಮೂನೆಯಲ್ಲಿ ತಂದೆತಾಯಿಯ ಹೆಸರಿನ ಕೆಳಗೆ ‘ಸಂಜೆ ಒಲೆ ಹಚ್ಚುವವರು ಯಾರು?’ ಎಂಬ ಸಾಲು ಸೇರಿದೆ. ಮೇಲಿನವರು ಇದು ಶೈಕ್ಷಣಿಕ ಮಾಹಿತಿಯಲ್ಲವೆಂದು ಒಮ್ಮೆ ತೆಗೆಸಿದ್ದರು, ಅಕ್ಕ ಪೆನ್ನಿನಿಂದ ಬರೆದು ತುಂಬಿಸುತ್ತಲೇ ಇದ್ದಳು.

ಇದನ್ನು ಬರೆಯುವಾಗ, 2024ರಲ್ಲಿ, ಹುಡುಗಿ ಆರನೇ ತರಗತಿ. ಊರಿನ ಶಾಲೆ ಐದಕ್ಕೆ ಮುಗಿಯುವುದರಿಂದ ಮೂರು ಕಿಲೋಮೀಟರ್ ದೂರದ ಶಾಲೆಗೆ ಗೆಳತಿಯರ ಜೊತೆ ನಡೆದುಹೋಗುತ್ತಾಳೆ. ಕತೆಯನ್ನು ಅಲ್ಲಲ್ಲಿ ತಡೆದು ಓದುತ್ತಾಳೆ, ಭಾಗಾಕಾರ ಇನ್ನೂ ಕೂಡಿಬಂದಿಲ್ಲ. ಈ ಅಕ್ಟೋಬರ್‌ನಲ್ಲಿ ಹತ್ತಿ ಬಿಡಿಸಲು ಐದು ದಿನ ಶಾಲೆ ತಪ್ಪಿಸಿದಳು, ಕೂಲಿಯ ದುಡ್ಡಿನಲ್ಲಿ ಚಪ್ಪಲಿ ತೆಗೆದುಕೊಂಡಳು. ಅಜ್ಜಿಯ ಎಡಗಣ್ಣಿನ ಪೊರೆ ಹಾಗೆಯೇ ಇದೆ. ಆಶಾ ಕಾರ್ಯಕರ್ತೆ ಈ ತಿಂಗಳ ಶಿಬಿರಕ್ಕೆ ಹೆಸರು ಬರೆದುಕೊಳ್ಳಲು ಹೋದಾಗ, ನೆರೆಮನೆಯ ಕೂಸು ತನ್ನ ಹತ್ತಿರ ಇದೆಯೆಂದೂ, ಹತ್ತಿ ಮುಗಿದು ಕೂಸಿನ ತಾಯಿ ಮನೆಗೆ ಬಂದ ಮೇಲೆ ನೋಡೋಣವೆಂದೂ ಅಜ್ಜಿ ಹೇಳಿ ಕಳಿಸಿದ್ದಾಳೆ.